ವಿಳಾಸದ ಒಂದು ಅಂಕಿ ಬದಲಾದರೆ: ಜಾಲತಾಣದ ಕೋರಿಕೆ-ಉತ್ತರಗಳ ಪರೀಕ್ಷೆ

ಅಮೆರಿಕದಲ್ಲಿ ಆಸ್ತಿಯ ಹಕ್ಕುಪತ್ರಗಳಿಗೆ ವಿಮೆ ಒದಗಿಸುವ ದೊಡ್ಡ ಸಂಸ್ಥೆಗಳಲ್ಲಿ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಕಾರ್ಪೊರೇಷನ್ ಒಂದು. ಈ ಸಂಸ್ಥೆಯ ಜಾಲತಾಣದಲ್ಲಿದ್ದ ಸುಮಾರು 88.5 ಕೋಟಿ ದಾಖಲೆಗಳು ಯಾರು ಬೇಕಾದರೂ ತೆರೆದು ಓದುವ ಸ್ಥಿತಿಯಲ್ಲಿವೆ ಎಂಬ ಸಂಗತಿ 2019ರ ಮೇ 24ರಂದು ಬಯಲಾಯಿತು. ಬ್ಯಾಂಕ್ ಖಾತೆಯ ಸಂಖ್ಯೆಗಳು, ಸಾಲದ ಪತ್ರಗಳು, ತೆರಿಗೆಯ ವಿವರಗಳು, ಚಾಲನಾ ಪರವಾನಗಿಯ ಚಿತ್ರಗಳು ಅವುಗಳಲ್ಲಿದ್ದವು. ಇದಕ್ಕೆ ಗುಪ್ತಪದವನ್ನು ಕದಿಯಬೇಕಾಗಿರಲಿಲ್ಲ, ಬೀಗವನ್ನು ಒಡೆಯಬೇಕಾಗಿರಲಿಲ್ಲ. ತನ್ನ ದಾಖಲೆಯನ್ನು ನೋಡಲು ಬಂದ ಗ್ರಾಹಕನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವ ಸಂಖ್ಯೆಯ ಒಂದು ಅಂಕಿಯನ್ನು ಬದಲಿಸಿದರೆ ಸಾಕು, ಇನ್ನೊಬ್ಬರ ದಾಖಲೆ ತೆರೆದುಕೊಳ್ಳುತ್ತಿತ್ತು.

ಆ ಜಾಲತಾಣದ ಪುಟಗಳಲ್ಲಿ ಕಣ್ಣಿಗೆ ಬೀಳುವ ದೋಷವೇನೂ ಇರಲಿಲ್ಲ. ಕೇಳಿದವರಿಗೆ ಕೇಳಿದ ದಾಖಲೆ ಸರಿಯಾಗಿಯೇ ಬರುತ್ತಿತ್ತು. ಕೇಳುತ್ತಿರುವವನು ಯಾರು, ಅವನಿಗೆ ಅದನ್ನು ಕೇಳುವ ಹಕ್ಕಿದೆಯೇ ಎಂದು ವಿಚಾರಿಸುವ ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಪರದೆಯ ಮೇಲೆ ಕಾಣುವುದನ್ನಷ್ಟೇ ನೋಡಿ ‘ಎಲ್ಲವೂ ಸರಿಯಾಗಿದೆ’ ಎನ್ನುವ ಪರೀಕ್ಷೆ ಎಷ್ಟು ಅಪೂರ್ಣವಾದುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪತ್ರ ವ್ಯವಹಾರದ ಬಗೆ

ಜಾಲತಾಣಕ್ಕೂ ಬಳಕೆದಾರನ ಬ್ರೌಸರಿಗೂ ನಡುವೆ ನಡೆಯುವ ವ್ಯವಹಾರವೆಲ್ಲ ಹೈಪರ್‌ಟೆಕ್ಸ್ಟ್ ಟ್ರಾನ್ಸ್‌ಫರ್ ಪ್ರೋಟೋಕಾಲ್, ಅಂದರೆ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ಒಳಪಟ್ಟಿದೆ. ಸ್ವಿಟ್ಜರ್‌ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಇದನ್ನು ರೂಪಿಸಿದಾಗ ಅದರಲ್ಲಿ ‘ಗೆಟ್’ ಎಂಬ ಒಂದೇ ಆಜ್ಞೆಯಿತ್ತು. 1996ರಲ್ಲಿ 1.0 ಆವೃತ್ತಿ, 1997ರಲ್ಲಿ 1.1 ಆವೃತ್ತಿ, 2015ರಲ್ಲಿ ಎರಡನೆಯ, 2022ರಲ್ಲಿ ಮೂರನೆಯ ಆವೃತ್ತಿಗಳು ಪ್ರಕಟವಾದವು. ಸಾಗಣೆಯ ವಿಧಾನ ಬದಲಾದರೂ ಮೂಲ ಸ್ವರೂಪ ಬದಲಾಗಿಲ್ಲ: ಬ್ರೌಸರಿನಿಂದ ಒಂದು ಕೋರಿಕೆ, ಸರ್ವರಿನಿಂದ ಒಂದು ಉತ್ತರ.

ಇದನ್ನು ಕಚೇರಿಯೊಂದಕ್ಕೆ ಬರೆಯುವ ಅರ್ಜಿಗೆ ಹೋಲಿಸಬಹುದು. ಅರ್ಜಿಯಲ್ಲಿ ಏನು ಮಾಡಬೇಕೆಂಬ ಆಜ್ಞೆ, ಯಾವ ವಿಷಯದ ಕುರಿತು ಎಂಬ ವಿಳಾಸ, ಕಳುಹಿಸಿದವರ ಗುರುತು ಮೊದಲಾದ ವಿವರಗಳುಳ್ಳ ಹೆಡರುಗಳು, ಅಗತ್ಯವಿದ್ದರೆ ತುಂಬಿದ ನಮೂನೆಯ ಒಡಲು ಇರುತ್ತವೆ. ಸರ್ವರಿನ ಉತ್ತರದಲ್ಲಿ ಫಲಿತಾಂಶವನ್ನು ಸೂಚಿಸುವ ಮೂರಂಕಿಯ ಸಂಖ್ಯೆ, ಅದರದೇ ಆದ ಹೆಡರುಗಳು, ಬಳಿಕ ಪುಟದ ಒಡಲು ಇರುತ್ತವೆ. ಬಳಕೆದಾರನ ಕಣ್ಣಿಗೆ ಬೀಳುವುದು ಈ ಒಡಲು ಮಾತ್ರ. ಉಳಿದದ್ದು ತೆರೆಯ ಮರೆಯಲ್ಲಿರುತ್ತದೆ. ಪರೀಕ್ಷೆ ನಡೆಯಬೇಕಾದುದು ಮುಖ್ಯವಾಗಿ ಅಲ್ಲಿಯೇ.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಕೋರಿಕೆಯು ಬ್ರೌಸರಿನಿಂದಲೇ ಬರಬೇಕೆಂಬ ನಿಯಮವಿಲ್ಲ. ಯಾರೇ ಆದರೂ ಸಣ್ಣದೊಂದು ತಂತ್ರಾಂಶದ ನೆರವಿನಿಂದ ತಮಗೆ ಬೇಕಾದಂತೆ ಕೋರಿಕೆಯನ್ನು ಬರೆದು ಕಳುಹಿಸಬಹುದು. ಪುಟದಲ್ಲಿ ‘ಇಲ್ಲಿ ಹತ್ತು ಅಂಕಿಗಳನ್ನು ಮಾತ್ರ ತುಂಬಿ’ ಎಂಬ ತಡೆಯಿದ್ದರೂ, ಬೆಲೆಯನ್ನು ತಿದ್ದಲಾಗದಂತೆ ಮರೆಮಾಡಿದ್ದರೂ, ಸರ್ವರಿಗೆ ತಲುಪುವ ಅರ್ಜಿಯಲ್ಲಿ ಏನು ಬೇಕಾದರೂ ಇರಬಹುದು. ಆದುದರಿಂದ ಪುಟದ ತಡೆಗಳು ಬಳಕೆದಾರನ ಅನುಕೂಲಕ್ಕೆ ಮಾತ್ರ. ನಿಜವಾದ ಕಾವಲು ಸರ್ವರಿನಲ್ಲಿ ಇರಬೇಕು.

ಉತ್ತರದ ಸಂಖ್ಯೆ ನುಡಿಯುವುದೇನು?

ಬಸ್ಸಿನ ಆಸನ ಕಾಯ್ದಿರಿಸುವ ಜಾಲತಾಣವೊಂದನ್ನು ಊಹಿಸಿಕೊಳ್ಳಬಹುದು. ಆಸನ ದೊರೆತರೆ 200 ಅಥವಾ 201, ನಮೂನೆ ತಪ್ಪಾಗಿದ್ದರೆ 400, ಗುರುತು ಹೇಳಿಕೊಳ್ಳದೆ ಬಂದವರಿಗೆ 401, ಗುರುತು ಇದ್ದೂ ಹಕ್ಕಿಲ್ಲದವರಿಗೆ 403, ಇಲ್ಲದ ಟಿಕೆಟನ್ನು ಕೇಳಿದರೆ 404, ಮಿತಿಮೀರಿ ಕೇಳಿದರೆ 429, ಸರ್ವರೇ ಎಡವಿದರೆ 500 ಎಂಬ ಉತ್ತರ ಬರಬೇಕು. ನಾಲ್ಕರಿಂದ ಆರಂಭವಾಗುವ ಸಂಖ್ಯೆ ಕೇಳಿದವರ ತಪ್ಪನ್ನೂ ಐದರಿಂದ ಆರಂಭವಾಗುವ ಸಂಖ್ಯೆ ಸರ್ವರಿನ ತಪ್ಪನ್ನೂ ಸೂಚಿಸುತ್ತದೆ.

ಅನೇಕ ಜಾಲತಾಣಗಳು ಇಲ್ಲಿಯೇ ಎಡವುತ್ತವೆ. ‘ಕ್ಷಮಿಸಿ, ಆಸನ ಲಭ್ಯವಿಲ್ಲ’ ಎಂಬ ಸಂದೇಶವನ್ನು ಪುಟದಲ್ಲಿ ತೋರಿಸುತ್ತಲೇ, ಸಂಖ್ಯೆಯಲ್ಲಿ ಮಾತ್ರ 200, ಅಂದರೆ ‘ಎಲ್ಲವೂ ಸುಸೂತ್ರ’ ಎಂದು ಹೇಳುತ್ತವೆ. ಮನುಷ್ಯನಿಗೆ ಸಂದೇಶ ಅರ್ಥವಾಗುತ್ತದೆ. ಆದರೆ ಆ ತಾಣವನ್ನು ನಂಬಿ ಕೆಲಸ ಮಾಡುವ ಮೊಬೈಲ್ ತಂತ್ರಾಂಶವು ಸಂಖ್ಯೆಯನ್ನು ನೋಡಿ ಟಿಕೆಟ್ ದೊರೆಯಿತೆಂದೇ ಭಾವಿಸಬಹುದು. ಹೀಗಾಗಿ ಪರೀಕ್ಷಕನು ಸಂಖ್ಯೆ, ಹೆಡರು, ಒಡಲು ಈ ಮೂರೂ ಒಂದೇ ಮಾತನ್ನು ಹೇಳುತ್ತಿವೆಯೇ ಎಂದು ನೋಡಬೇಕು. ಪ್ರವೇಶದ ಗುರುತನ್ನು ಹೊತ್ತ ಕುಕಿಯು ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಸಾಗುವಂತಿದೆಯೇ, ಖಾಸಗಿ ವಿವರಗಳುಳ್ಳ ಪುಟವನ್ನು ದಾರಿಯಲ್ಲಿ ಎಲ್ಲಿಯೂ ಸಂಗ್ರಹಿಸಿಡಬಾರದೆಂಬ ಸೂಚನೆ ಇದೆಯೇ ಎಂಬುದನ್ನೂ ಹೆಡರುಗಳಲ್ಲಿಯೇ ಪರಿಶೀಲಿಸಬಹುದು.

ಓದುವ ಆಜ್ಞೆ, ಬದಲಿಸುವ ಆಜ್ಞೆ

‘ಗೆಟ್’ ಎಂಬುದು ಓದಲು ಮಾತ್ರ, ಬದಲಾವಣೆ ಮಾಡಲು ‘ಪೋಸ್ಟ್’, ‘ಪುಟ್’, ‘ಡಿಲೀಟ್’ ಮೊದಲಾದ ಆಜ್ಞೆಗಳನ್ನು ಬಳಸಬೇಕೆಂಬುದು ನಿಯಮ. ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದು 2005ರಲ್ಲಿ ತಿಳಿಯಿತು. ಆ ವರ್ಷ ಗೂಗಲ್ ಬಿಡುಗಡೆ ಮಾಡಿದ ವೆಬ್ ಆಕ್ಸಿಲರೇಟರ್ ಎಂಬ ತಂತ್ರಾಂಶವು ಪುಟದಲ್ಲಿರುವ ಕೊಂಡಿಗಳನ್ನು ಬಳಕೆದಾರನು ಒತ್ತುವ ಮೊದಲೇ ತೆರೆದು ತಂದಿಟ್ಟುಕೊಳ್ಳುತ್ತಿತ್ತು. ಕೆಲವು ಜಾಲತಾಣಗಳಲ್ಲಿ ‘ಅಳಿಸಿ’ ಎಂಬುದೂ ಸಾಧಾರಣ ಕೊಂಡಿಯೇ ಆಗಿತ್ತು. ತಂತ್ರಾಂಶವು ಅದನ್ನೂ ತೆರೆಯಿತು. ಬಳಕೆದಾರರ ಮಾಹಿತಿ ಅವರ ಅರಿವಿಲ್ಲದೆಯೇ ಅಳಿಸಿಹೋಯಿತು. ‘ಗೆಟ್’ ಕೋರಿಕೆಯನ್ನು ಕಳುಹಿಸಿದ ಮೇಲೆ ದತ್ತಾಂಶದಲ್ಲಿ ಬದಲಾವಣೆ ಆಗಿಲ್ಲವೆಂದು ಖಚಿತಪಡಿಸಿಕೊಳ್ಳುವ ಸರಳ ಪರೀಕ್ಷೆಯೊಂದು ಆ ತಾಣಗಳಲ್ಲಿ ನಡೆದಿದ್ದರೆ ಈ ಅನಾಹುತ ತಪ್ಪುತ್ತಿತ್ತು.

ಒಂದೇ ಕೋರಿಕೆಯನ್ನು ಎರಡು ಸಲ ಕಳುಹಿಸಿ ನೋಡುವುದು ಇಂಥದೇ ಇನ್ನೊಂದು ಪರೀಕ್ಷೆ. ಸಂಪರ್ಕ ನಿಧಾನವಾಗಿರುವ ಊರಿನಲ್ಲಿ ಹಣ ಪಾವತಿಸುವವನು ಉತ್ತರ ಬಾರದಿದ್ದಾಗ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಸಹಜ. ಮೊದಲ ಕೋರಿಕೆ ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ ಅವನ ಖಾತೆಯಿಂದ ಹಣ ಎರಡು ಬಾರಿ ಹೋಗಬಾರದು. ಪ್ರತಿ ಪಾವತಿಗೂ ವಿಶಿಷ್ಟವಾದ ಗುರುತುಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮರಳಿ ಬಂದರೆ ಹಳೆಯ ಉತ್ತರವನ್ನೇ ನೀಡುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ.

ಕನ್ನಡದ ಹೆಸರು ತುಂಬಿದರೆ

ಕನ್ನಡದಲ್ಲಿ ಸೇವೆ ನೀಡುವ ತಾಣಗಳಿಗೆ ಪ್ರತ್ಯೇಕವಾದ ಒಂದು ಪರೀಕ್ಷೆ ಅವಶ್ಯ. ‘ಕೃಷ್ಣಮೂರ್ತಿ’ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸಿದರೆ ಅವು 11. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟುಗಳನ್ನು ಪಡೆಯುವುದರಿಂದ ಇಡೀ ಹೆಸರಿಗೆ 33 ಬೈಟುಗಳು ಬೇಕು. ವಿಳಾಸದ ಭಾಗವಾಗಿ ಕಳುಹಿಸಿದಾಗ ಪ್ರತಿ ಬೈಟೂ 3 ಚಿಹ್ನೆಗಳಾಗಿ ಬರೆಯಲ್ಪಡುತ್ತದೆ. ನಾಲ್ಕಕ್ಷರದ ಹೆಸರು 99 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಹೆಸರಿಗೆ 30 ಬೈಟುಗಳಷ್ಟು ಮಾತ್ರ ಜಾಗ ಬಿಟ್ಟ ತಾಣದಲ್ಲಿ ಈ ಹೆಸರು ಕೊನೆಯಲ್ಲಿ ಕತ್ತರಿಸಿಹೋಗಬಹುದು, ಇಲ್ಲವೇ ಅರ್ಜಿಯೇ ತಿರಸ್ಕೃತವಾಗಬಹುದು. ಇಂಗ್ಲಿಷ್ ಹೆಸರುಗಳನ್ನಷ್ಟೇ ತುಂಬಿ ನಡೆಸಿದ ಪರೀಕ್ಷೆಯಲ್ಲಿ ಈ ದೋಷ ಎಂದೂ ಕಾಣಿಸದು.

ನಿರಾಕರಣೆಯ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯವಾದುದು, ಕೊಡಬಾರದ್ದನ್ನು ತಾಣವು ಕೊಡದೆ ಇರುತ್ತದೆಯೇ ಎಂಬ ಪರೀಕ್ಷೆ. ಇದಕ್ಕೆ ಎರಡು ಖಾತೆಗಳು ಸಾಕು. ಮೊದಲ ಖಾತೆಯಿಂದ ಟಿಕೆಟ್ ಪಡೆದು, ಅದರ ಸಂಖ್ಯೆಯನ್ನು ಎರಡನೆಯ ಖಾತೆಯ ಕೋರಿಕೆಯಲ್ಲಿ ಬರೆದು ಕಳುಹಿಸಬೇಕು. 403 ಅಥವಾ 404 ಬಂದರೆ ಕಾವಲು ಇದೆ. ಟಿಕೆಟ್ ಬಂದರೆ ಬಾಗಿಲು ತೆರೆದಿದೆ. ಇದೇ ಪರೀಕ್ಷೆಯನ್ನು ಗುರುತನ್ನು ತೆಗೆದುಹಾಕಿ, ಅವಧಿ ಮುಗಿದ ಗುರುತನ್ನು ಬಳಸಿ, ‘ಗೆಟ್’ ಬದಲು ‘ಡಿಲೀಟ್’ ಬರೆದು, ಬೆಲೆಯ ಜಾಗದಲ್ಲಿ ಸೊನ್ನೆ ಅಥವಾ ಋಣಸಂಖ್ಯೆಯನ್ನು ತುಂಬಿ ಪುನರಾವರ್ತಿಸಬಹುದು.

ಈ ದೋಷ ಅಪರೂಪದ್ದಲ್ಲ. 2011ರಲ್ಲಿ ಅಮೆರಿಕದ ಸಿಟಿಗ್ರೂಪ್ ಬ್ಯಾಂಕಿನ ಸುಮಾರು 3.6 ಲಕ್ಷ ಕ್ರೆಡಿಟ್ ಕಾರ್ಡ್ ಖಾತೆಗಳ ವಿವರ ಸೋರಿಹೋದದ್ದೂ ವಿಳಾಸದಲ್ಲಿನ ಸಂಖ್ಯೆಗಳನ್ನು ಬದಲಿಸಿದ್ದರಿಂದಲೇ ಎಂದು ವರದಿಯಾಗಿತ್ತು. 2021ರಲ್ಲಿ ಚೆನ್ನೈನ ಶಾಲಾ ವಿದ್ಯಾರ್ಥಿಯೊಬ್ಬ ರೈಲ್ವೆಯ ಐಆರ್‌ಸಿಟಿಸಿ ತಾಣದಲ್ಲಿ ಇಂಥದೇ ದೋಷವನ್ನು ಕಂಡು, ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್‌ಗೆ ತಿಳಿಸಿದ. ಬೇರೆ ಪ್ರಯಾಣಿಕರ ವಿವರಗಳು ದೊರೆಯುವಂತಿದ್ದ ಆ ದೋಷವನ್ನು ಕೆಲವೇ ದಿನಗಳಲ್ಲಿ ಸರಿಪಡಿಸಲಾಯಿತು. ಜಾಲ ಸುರಕ್ಷತೆಗೆ ಮೀಸಲಾದ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ, ಹಕ್ಕಿನ ತಪಾಸಣೆಯ ವೈಫಲ್ಯವೇ ಮೊದಲ ಸ್ಥಾನದಲ್ಲಿತ್ತು. 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು.

ಸಾಧನಗಳು ಕೈಗೆಟುಕುವಂಥವೇ

ಈ ಪರೀಕ್ಷೆಗಳಿಗೆ ದುಬಾರಿ ಸಲಕರಣೆಗಳೇನೂ ಬೇಕಿಲ್ಲ. ಬಹುತೇಕ ಬ್ರೌಸರುಗಳಲ್ಲಿ ಎಫ್12 ಕೀಲಿಯನ್ನು ಒತ್ತಿ ‘ನೆಟ್‌ವರ್ಕ್’ ವಿಭಾಗವನ್ನು ತೆರೆದರೆ ಹೋದ ಕೋರಿಕೆ, ಬಂದ ಉತ್ತರಗಳೆಲ್ಲ ಸಾಲಾಗಿ ಕಾಣುತ್ತವೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ‘ಕರ್ಲ್’ ತಂತ್ರಾಂಶ 1998ರಿಂದ ಉಚಿತವಾಗಿ ದೊರೆಯುತ್ತಿದ್ದು, ಒಂದೇ ಸಾಲಿನ ಆದೇಶದಿಂದ ಬೇಕಾದ ಕೋರಿಕೆಯನ್ನು ಕಳುಹಿಸಬಲ್ಲದು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಪೋಸ್ಟ್‌ಮನ್’ ಎಂಬ ಸಾಧನಕ್ಕೂ ಬೆಂಗಳೂರಿಗೂ ನಂಟಿದೆ. ಅಭಿನವ್ ಅಸ್ಥಾನಾ 2012ರಲ್ಲಿ ಬಿಡುವಿನ ವೇಳೆಯ ಕೆಲಸವಾಗಿ ಆರಂಭಿಸಿದ ಈ ಸಾಧನದ ಸುತ್ತ 2014ರಲ್ಲಿ ಬೆಂಗಳೂರಿನಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಒಮ್ಮೆ ಬರೆದಿಟ್ಟ ಪರೀಕ್ಷೆಗಳು ತಂತ್ರಾಂಶ ಬದಲಾದಾಗಲೆಲ್ಲ ತಾವಾಗಿಯೇ ನಡೆಯುವಂತೆ ಏರ್ಪಡಿಸುವುದು ಉತ್ತಮ. ಇಂದು ಮುಚ್ಚಿದ ಬಾಗಿಲು ನಾಳೆಯ ಬದಲಾವಣೆಯಲ್ಲಿ ತೆರೆದುಕೊಳ್ಳಬಹುದು.

ಒಂದು ಎಚ್ಚರಿಕೆ ಅಗತ್ಯ. ಇಂಥ ಪರೀಕ್ಷೆಯನ್ನು ಸ್ವಂತ ತಾಣದಲ್ಲಿ ಅಥವಾ ಒಡೆಯರ ಅನುಮತಿ ಪಡೆದ ತಾಣದಲ್ಲಿ ಮಾತ್ರ ನಡೆಸಬೇಕು. ಅನುಮತಿಯಿಲ್ಲದೆ ಬೇರೆಯವರ ಗಣಕವ್ಯವಸ್ಥೆಯನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ವಿಧಿಗಳ ವ್ಯಾಪ್ತಿಗೆ ಬರುತ್ತದೆ.

ಕಂಡರೂ ಸರಿಪಡಿಸದ ದೋಷ

ಫಸ್ಟ್ ಅಮೆರಿಕನ್ ಸಂಸ್ಥೆಯ ಕಥೆ ಬಯಲಾದ ದಿನಕ್ಕೆ ಮುಗಿಯಲಿಲ್ಲ. ದೋಷವು 2014ರ ಅಕ್ಟೋಬರಿನಿಂದಲೇ ಇತ್ತೆಂದೂ, ಸಂಸ್ಥೆಯೊಳಗೆ 2018ರ ಡಿಸೆಂಬರಿನಲ್ಲಿ ನಡೆದ ಸುರಕ್ಷತಾ ಪರೀಕ್ಷೆಯಲ್ಲಿಯೇ ಅದು ಪತ್ತೆಯಾಗಿತ್ತೆಂದೂ ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆ 2020ರಲ್ಲಿ ಆರೋಪಪಟ್ಟಿ ಸಲ್ಲಿಸಿತು. ಪರೀಕ್ಷಕರು ತಮ್ಮ ಕೆಲಸವನ್ನು ಮಾಡಿದ್ದರು. ಆದರೆ ದೋಷವನ್ನು ಅಲ್ಪ ಮಹತ್ವದ್ದೆಂದು ವರ್ಗೀಕರಿಸಿದ್ದರಿಂದ ಐದು ತಿಂಗಳ ಕಾಲ ಅದು ಹಾಗೆಯೇ ಉಳಿಯಿತು. ಹೊರಗಿನವರೊಬ್ಬರು ಪತ್ರಕರ್ತರಿಗೆ ತಿಳಿಸಿದ ಮೇಲೆಯೇ ಬಾಗಿಲು ಮುಚ್ಚಿದ್ದು. 2023ರ ನವೆಂಬರಿನಲ್ಲಿ ಸಂಸ್ಥೆ 10 ಲಕ್ಷ ಡಾಲರ್ ದಂಡ ತೆತ್ತು ಪ್ರಕರಣವನ್ನು ಇತ್ಯರ್ಥಗೊಳಿಸಿಕೊಂಡಿತು.

ಕೋರಿಕೆ-ಉತ್ತರಗಳ ಪರೀಕ್ಷೆ ತೆರೆದ ಬಾಗಿಲು ಯಾವುದೆಂದು ತೋರಿಸಬಲ್ಲದು. ಅದನ್ನು ಮುಚ್ಚುವುದು ವರದಿಯನ್ನು ಓದುವವರ ಹೊಣೆ. ಆ ಹೊಣೆ ತಪ್ಪಿದಲ್ಲಿ, ಎಷ್ಟೇ ಶ್ರದ್ಧೆಯಿಂದ ನಡೆಸಿದ ಪರೀಕ್ಷೆಯೂ ಕಡತದಲ್ಲಿ ಉಳಿದ ಇನ್ನೊಂದು ಕಾಗದವಾಗುತ್ತದೆ.