ಐದು ಸೆಕೆಂಡಿನಷ್ಟು ಆಳದ ನೆಲ

ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ ಸುತ್ತಿನ ಕರಿಗಲ್ಲನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಬೇಕು. ಮುಷ್ಟಿಗಾತ್ರದ ತುಂಡೂ ಕೈಯನ್ನು ಕೆಳಕ್ಕೆ ಜಗ್ಗುತ್ತದೆ. ಆಯಸ್ಕಾಂತ ಹತ್ತಿರ ತಂದರೆ ಟಕ್ಕನೆ ಹಿಡಿದುಕೊಳ್ಳುತ್ತದೆ. ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಅದು. ಉಬ್ರಾಣಿ ಕಡೆಗೂ ಇದೇ ಕಲ್ಲು. ಇದೇ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿರುವುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿದೆ. ಅಡಿಕೆ ತೋಟದ ಸೀಮೆಗೆ ಇವೆಲ್ಲ ಬಂದದ್ದು ಪಾತಾಳದಿಂದ. ಭೂಮಿಯ ತೊಗಟೆಯ ಕೆಳಗಿರುವ ಮ್ಯಾಂಟಲ್ ಒಂದಷ್ಟು ಕರಗಿ, ಆ ಪಾಕ ಮೇಲೇರಿ ತೊಗಟೆಯೊಳಗೇ ನಿಧಾನಕ್ಕೆ ಆರುವಾಗ ಭಾರದ ಹರಳುಗಳು ತಳಕ್ಕಿಳಿದು ಪದರಗಟ್ಟಿದವು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕೂ ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಜಗಳೂರು ಚಿತ್ರದುರ್ಗಕ್ಕೆ, ಉಳಿದವು ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿಯಂತೂ ಈಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಯಿತು. ಭೂವಿಜ್ಞಾನಿಗಳ ನಕ್ಷೆಯಲ್ಲಿ ಈ ಗಡಿಗಳು ಯಾವುವೂ ಇಲ್ಲ. ಅಲ್ಲಿ ಇದೆಲ್ಲ ಧಾರವಾಡ ಕ್ರೇಟಾನ್, ಅಂದರೆ ಇನ್ನೂರೈವತ್ತು ಕೋಟಿ ವರ್ಷಗಳಿಂದ ಹೆಚ್ಚು ಕದಲದೆ ನಿಂತಿರುವ ಖಂಡದ ಗಟ್ಟಿ ತುಂಡು.

ಹೊನ್ನಾಳಿಯ ಹೆಸರಲ್ಲೇ ಹೊನ್ನಿದೆ ಎನ್ನುತ್ತಾರೆ ಊರವರು. ನೆಲದಲ್ಲೂ ಇದೆ. ಕುದುರೆಕೊಂಡ, ಪಲವನಹಳ್ಳಿ ಸುತ್ತ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಹುಡುಕಿದ ಕಾಲವೊಂದಿತ್ತು. ಮೈಸೂರು ಸೀಮೆಯ ಚಿನ್ನದ ನೆಲೆಗಳನ್ನು ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1882ರಲ್ಲೇ ಈ ಭಾಗದ ಬಗ್ಗೆ ಬರೆದ. ಚಿನ್ನ ಹೊತ್ತ ಇಂಥ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವನೂ ಅವನೇ. ಆದರೆ ನನಗೆ ಚಿನ್ನಕ್ಕಿಂತ ದೊಡ್ಡದಾಗಿ ಕಾಣುವುದು ಇಲ್ಲಿನ ನೈಸ್ ಶಿಲೆ. ಕಪ್ಪು ಬಿಳಿ ಪಟ್ಟೆಗಳು ಹೊಸೆದ ಹಗ್ಗದಂತೆ ಮಡಿಚಿಕೊಂಡಿರುವ ಸಾದಾ ಕಲ್ಲು, ಬಟ್ಟೆ ಒಗೆಯುವ ಬಂಡೆಯಾಗಿ ನಾವು ದಿನವೂ ನೋಡುವಂಥದ್ದು. ಶಿವಮೊಗ್ಗ ಶಿಸ್ಟ್ ಪಟ್ಟಿಯ, ಅಂದರೆ ಪದರುಗಲ್ಲಿನ ಹಾಸಿನ, ನಡುವೆ ಅದು ಗುಮ್ಮಟದಂತೆ ಎದ್ದು ನಿಂತಿದೆ. ಪುಸ್ತಕಗಳಲ್ಲಿ ಅದರ ಹೆಸರೇ ಹೊನ್ನಾಳಿ ಗುಮ್ಮಟ.

ಕರ್ನಾಟಕದ ಪಶ್ಚಿಮ ಭಾಗದ ಇಂಥ ನೈಸ್‌ಗಳ ವಯಸ್ಸು ಹಾಸನದ ಕಡೆ 330 ಕೋಟಿ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಆಗ ಮ್ಯಾಂಟಲ್ ಇಂದಿಗಿಂತ ಬಹಳ ಬಿಸಿ. ಇಂದಿನ ಲಾವಾ ಸುಮಾರು 1,200 ಡಿಗ್ರಿಯದಾದರೆ, ಅಂದಿನ ಕೊಮಾಟಿಯೈಟ್ ಲಾವಾ 1,600 ಡಿಗ್ರಿಯ ಆಸುಪಾಸಿನಲ್ಲಿ ನೀರಿನಂತೆ ಹರಿಯಿತು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅದರ ಗುರುತು ಇಂದಿಗೂ ಸಿಗುತ್ತದೆ. ನೀರುಂಡ ಬಸಾಲ್ಟ್ ಎಂಬ ಲಾವಾಕಲ್ಲು ಆಳಕ್ಕೆ ಹೂತು ಮತ್ತೆ ಕರಗಿದಾಗ ಹಗುರ ಪಾಕ ಬೇರೆಯಾಗಿ ತೇಲಿತು. ನೈಸ್ ಹುಟ್ಟಿದ್ದು, ಖಂಡ ಮೈತುಂಬಿಕೊಂಡದ್ದು ಹೀಗೆ. ಅದರ ಮೇಲೆ 290 ಕೋಟಿ ವರ್ಷಗಳಿಂದೀಚೆಗೆ ಧಾರವಾಡದ ಶಿಸ್ಟ್‌ಗಳು ಕೂತವು. ನಡುನಡುವೆ 260 ಕೋಟಿ ವರ್ಷದ ಹಿಂದೆ ಗ್ರಾನೈಟ್ ತೂರಿಕೊಂಡಿತು. ಚಿತ್ರದುರ್ಗದ ಕೋಟೆ ನಿಂತಿರುವುದು ಅದರ ಮೇಲೆ.

ಬಂಡೆ ಹೇಳುವುದು ಇಷ್ಟು. ಇದರ ಬೇರು ಎಷ್ಟು ಆಳಕ್ಕಿದೆ ಎಂದು ತಿಳಿಯಲು ಅಗೆದು ಪ್ರಯೋಜನವಿಲ್ಲ, ಕಿವಿಗೊಡಬೇಕು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ 600 ಕಿಲೋಮೀಟರ್ ಉದ್ದಕ್ಕೆ ಮದ್ದು ಸಿಡಿಸಿ ಮಾರ್ದನಿ ಆಲಿಸಿದರು. ದೇಶದಲ್ಲಿ ಅದೇ ಅಂಥ ಮೊದಲ ಪ್ರಯತ್ನ. ಈಗ ಮದ್ದು ಬೇಡ. ದೂರದ ಭೂಕಂಪಗಳೇ ಸಾಕು. ತೊಗಟೆಯೂ ಮ್ಯಾಂಟಲ್ಲೂ ಕೂಡುವ ಗೆರೆಗೆ ಮೋಹೊ ಎಂದು ಹೆಸರು. ಕೆಳಗಿನಿಂದ ಬರುವ ಕಂಪನದ ಒಂದಂಶ ಅಲ್ಲಿ ಜಾತಿ ಬದಲಿಸಿ ನಿಧಾನದ ಅಲೆಯಾಗುತ್ತದೆ, ಅಸಲಿಗಿಂತ ತಡವಾಗಿ ತಲಪುತ್ತದೆ. ತಡವಾದಷ್ಟೂ ತೊಗಟೆ ದಪ್ಪ.

ಹೀಗೆ ಅಳೆದಾಗ ಕ್ರೇಟಾನಿನ ಪೂರ್ವದಲ್ಲಿ ತೊಗಟೆ 35ರಿಂದ 39 ಕಿಲೋಮೀಟರ್ ಸಿಕ್ಕಿತು. ಪಶ್ಚಿಮದಲ್ಲಿ, ಅದರಲ್ಲೂ ದಕ್ಷಿಣಕ್ಕೆ ಹೋದಂತೆ, 40 ದಾಟಿ 50ರ ಹತ್ತಿರಕ್ಕೆ ಹೋಯಿತು. ಮುನ್ನೂರು ಕೋಟಿ ವರ್ಷದ ಹಿಂದೆ ಕೂಡಿಟ್ಟ ದಪ್ಪ ಇಂದಿಗೂ ಸವೆಯದೆ ಉಳಿದಿರುವುದು ಸಣ್ಣ ಮಾತಲ್ಲ. ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವದಂಚೇ ಎರಡರ ಗಡಿ ಎಂದು ಹಲವರು, ಇನ್ನೂ ಪೂರ್ವಕ್ಕಿರುವ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕೆಲವರು ವಾದಿಸುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನಿಸ್ಸಂಶಯವಾಗಿ ಪಶ್ಚಿಮದವು. ಗಡಿಯ ಸಮೀಪದ್ದು ಜಗಳೂರು: ಮಳೆಯನ್ನೇ ನಂಬಿದ ಹೊಲಗಳು, ರಂಗಯ್ಯನದುರ್ಗದ ಕುರುಚಲು ಕಾಡು, ಅಲ್ಲಿ ಕೊಂಡುಕುರಿ.

ಕಂಪನಮಾಪಕಕ್ಕೆ ಪಂಪ್‌ಸೆಟ್ಟಿನ ಅದುರೂ ಗದ್ದಲವೇ, ಎತ್ತಿನ ಹೆಜ್ಜೆಯೂ ಗದ್ದಲವೇ. ಹಾಗಾಗಿ ಅದಕ್ಕೆ ಒಳ್ಳೆಯ ಹೊತ್ತೆಂದರೆ ನಡುರಾತ್ರಿ. ಕರೆಂಟು ಹೋಗಿ ಮೋಟಾರುಗಳೆಲ್ಲ ನಿಂತಿರುವಾಗ ಜಪಾನಿನಲ್ಲಿ ನೆಲ ನಡುಗಿದರೆ, ಸುಮಾರು ಹತ್ತು ನಿಮಿಷಕ್ಕೆ ಆ ಅಲೆ ಜಗಳೂರಿನ ಹೊಲದಡಿಗೆ ಬಂದು ಮುಟ್ಟುತ್ತದೆ. ನಾಲ್ಕೈದು ಸೆಕೆಂಡಿನ ಮೇಲೆ, ಮೋಹೊ ಗೆರೆಯಲ್ಲಿ ಜಾತಿ ಬದಲಿಸಿ ಬಂದ ಎರಡನೆಯದು.