ಬ್ಯಾಟರಿ ಬೆಳಕಿಗೆ ಹೊಳೆಯುವ ಕಣ್ಣು ಯಾರದು?



ಜೋಳದ ರಾಶಿ ಮುಗಿದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಳಕಿನ ಪಾಠ ನಡೆದಾಗ ಎದ್ದು ನಿಂತು ಕೇಳಿದ: "ಸರ್, ರಾತ್ರಿ ಬ್ಯಾಟರಿ ಬಿಟ್ರ ನರಿ ಕಣ್ಣು ಕೆಂಡದಂಗ ಹೊಳಿತಾವ. ನಮ್ಮ ಕಣ್ಣು ಯಾಕ ಹೊಳಿಯಂಗಿಲ್ಲ?"

ಪ್ರಶ್ನೆ ಚೆನ್ನಾಗಿತ್ತು. ನೀನು ಎಲ್ಲಿ ನೋಡಿದಿ ಅಂತ ಕೇಳಿದೆ. ಮೈಂದರ್ಗಿ ಹೊರಗಿನ ಮಾಳದಲ್ಲಿ ಅವನ ಅಜ್ಜನ ಕುರಿ ಹಟ್ಟಿ ಇತ್ತು. ರಾತ್ರಿ ಅಜ್ಜನ ಜೊತೆ ಅಲ್ಲೇ ಮಲಗಿದ್ದನಂತೆ. ನಡುರಾತ್ರಿ ದೂರದಲ್ಲಿ ಒಂದು ಗಾಡಿ ಬಂತು. ಗಾಡಿ ಮೇಲಿಂದ ದೊಡ್ಡ ಲೈಟು ಹೊಲದ ತುಂಬ ತಿರುಗಿತು. ಎರಡು ಸಲ ಬಂದೂಕಿನ ಸಪ್ಪಳ. ಗಾಡಿ ಹೋಯಿತು. ಬೆಳಗಾದ ಮೇಲೆ ನೋಡಿದರೆ ಹಟ್ಟಿಯ ನಾಯಿ ಕುಂಟುತ್ತಾ ಬಂತು. ಹಿಂದಿನ ತೊಡೆಯಲ್ಲಿ ಸೀಸದ ಗುಂಡು. "ನರಿ ಅಂತ ತಿಳಕೊಂಡು ನಮ್ಮ ನಾಯಿಗಿ ಹೊಡದಾರ್ರಿ" ಅಂದ. ನಾಯಿ ಬದುಕಿತು, ಆದರೆ ಒಂದು ಕಾಲು ಹೋಯಿತು.

ಅವನ ಪ್ರಶ್ನೆಗೆ ಅವತ್ತು ಅರ್ಧ ಉತ್ತರ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ.

ಕಣ್ಣು ಹೊಳೆಯುವುದೇಕೆ?

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಯಾವ ಪ್ರಾಣಿಯ ಕಣ್ಣೂ ತಾನಾಗಿ ಬೆಳಕು ಕೊಡುವುದಿಲ್ಲ. ಪೂರ್ತಿ ಕತ್ತಲೆಯಲ್ಲಿ ನರಿಯ ಕಣ್ಣೂ ಕತ್ತಲೆಯೇ. ನಾವು ಬಿಟ್ಟ ಬೆಳಕೇ ನಮಗೆ ತಿರುಗಿ ಬರುತ್ತದೆ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ (ರೆಟಿನಾ) ಇದೆ ಎಂದು ಪಾಠದಲ್ಲಿ ಓದಿದ್ದೀರಿ. ಮನುಷ್ಯನ ಕಣ್ಣಿನಲ್ಲಿ ಅಕ್ಷಿಪಟಲವನ್ನು ದಾಟಿದ ಬೆಳಕನ್ನು ಅದರ ಹಿಂದಿನ ಕಪ್ಪು ಪದರ ಹೀರಿಕೊಂಡುಬಿಡುತ್ತದೆ. ನರಿ, ತೋಳ, ನಾಯಿ, ಬೆಕ್ಕು, ಆಕಳು, ಕುರಿ ಇವುಗಳ ಕಣ್ಣಿನಲ್ಲಿ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಇನ್ನೊಂದು ಪದರ ಇದೆ. ಅದರ ಹೆಸರು ಟೇಪಿಟಮ್ ಲ್ಯೂಸಿಡಮ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಹೊಳೆಯುವ ಹಾಸು. ಒಮ್ಮೆ ಒಳಗೆ ಬಂದಾಗ ಹಿಡಿಯದೆ ಹೋದ ಬೆಳಕನ್ನು ಈ ಹಾಸು ಹಿಂದಕ್ಕೆ ಕಳಿಸುತ್ತದೆ. ಅಕ್ಷಿಪಟಲಕ್ಕೆ ಅದೇ ಬೆಳಕನ್ನು ಹಿಡಿಯಲು ಎರಡನೇ ಅವಕಾಶ ಸಿಗುತ್ತದೆ. ಚುಕ್ಕೆಗಳ ಬೆಳಕಿನಲ್ಲೂ ಇಲಿ ಓಡುವುದು ನರಿಗೆ ಕಾಣುವುದಕ್ಕೆ ಇದೊಂದು ಕಾರಣ. ಎರಡನೇ ಸಲವೂ ಹಿಡಿಯದೆ ಉಳಿದ ಬೆಳಕು ಪಾಪೆಯಿಂದ ಹೊರಗೆ ಬರುತ್ತದಲ್ಲ, ಅದೇ ನಮಗೆ ಹೊಳಪಾಗಿ ಕಾಣುತ್ತದೆ.

ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ನೋಡಿದ್ದೀರಿ. ಅದರಲ್ಲಿ ಬಲ್ಬೂ ಇಲ್ಲ, ಬ್ಯಾಟರಿಯೂ ಇಲ್ಲ. ಹಿಂದಿನ ಮೋಟಾರ್ ಸೈಕಲ್ಲಿನ ಬೆಳಕು ಬಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ನರಿಯ ಕಣ್ಣೂ ಹಾಗೆಯೇ. ಅದಕ್ಕೇ ಬ್ಯಾಟರಿಯನ್ನು ಸೊಂಟದ ಹತ್ತಿರ ಹಿಡಿದರೆ ಹೊಳಪು ಕಡಿಮೆ, ಹಣೆಯ ಹತ್ತಿರ ಹಿಡಿದರೆ ಜಾಸ್ತಿ. ಬೆಳಕು ತಿರುಗಿ ಬರುವ ಜಾಗದಲ್ಲಿ ನಮ್ಮ ಕಣ್ಣು ಇರಬೇಕು.

ಮನುಷ್ಯನಿಗೂ ಹಂದಿಗೂ ಈ ಹಾಸು ಇಲ್ಲ. ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ನಮ್ಮ ಕಣ್ಣು ಕೆಂಪಾಗಿ ಕಾಣುವುದು ಕಣ್ಣಿನ ಹಿಂಭಾಗದ ರಕ್ತನಾಳಗಳ ಬಣ್ಣದಿಂದ.

ಬೆಳಕು ಬಿದ್ದರೆ ಪ್ರಾಣಿ ಯಾಕೆ ನಿಲ್ಲುತ್ತದೆ?

ಮಂದ ಬೆಳಕಿಗೆ ದಂಡಕೋಶಗಳು, ಬಣ್ಣಕ್ಕೆ ಶಂಕುಕೋಶಗಳು. ಇದೂ ನಿಮಗೆ ಗೊತ್ತು. ರಾತ್ರಿ ತಿರುಗುವ ಪ್ರಾಣಿಗೆ ದಂಡಕೋಶ ಬಹಳ. ಕತ್ತಲೆಯಲ್ಲಿ ಅದರ ಪಾಪೆ ಪೂರ್ತಿ ಅಗಲವಾಗಿರುತ್ತದೆ. ಅಂಥ ಕಣ್ಣಿಗೆ ಒಮ್ಮೆಲೇ ಪ್ರಖರ ಬೆಳಕು ಹೊಕ್ಕರೆ ದಂಡಕೋಶದ ವರ್ಣದ್ರವ್ಯ ಒಡೆದುಹೋಗಿ ಪ್ರಾಣಿ ಸ್ವಲ್ಪ ಹೊತ್ತು ಕುರುಡಾಗುತ್ತದೆ. ನಮಗೂ ಈ ಅನುಭವ ಇದೆ. ಲೈಟಿದ್ದ ಮನೆಯಲ್ಲಿ ಕರೆಂಟ್ ಹೋದರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು.

ಯಾವ ಕಡೆ ಓಡಬೇಕು ಎಂದು ಕಾಣದ ಪ್ರಾಣಿ ನಿಂತುಬಿಡುತ್ತದೆ. ಲೈಟಿನ ಬೇಟೆ ನಡೆಯುವುದೇ ಈ ನಾಲ್ಕಾರು ಸೆಕೆಂಡುಗಳಲ್ಲಿ. ಕತ್ತಲೆಯಲ್ಲಿ ಬದುಕಲು ಪ್ರಾಣಿಗೆ ಬಂದ ಗುಣವೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ.

ಬಂದೂಕಿನ ಲೆಕ್ಕ

ಇಂಥ ಬೇಟೆಗೆ ಸಾಮಾನ್ಯವಾಗಿ ಬಳಸುವುದು ಶಾಟ್‌ಗನ್. ಇದರ ತೋಟಾದಲ್ಲಿ ಒಂದೇ ಗುಂಡು ಇರುವುದಿಲ್ಲ, ಸೀಸದ ಸಣ್ಣ ಸಣ್ಣ ಗುಂಡುಗಳು ಇರುತ್ತವೆ. 'ಹನ್ನೆರಡು ಬೋರ್' ಎಂಬ ಹೆಸರು ಕೇಳಿರಬಹುದು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗೋಲಿ ಮಾಡಿದರೆ ಒಂದು ಗೋಲಿ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ ಎಂದು ಅರ್ಥ.

ನಳಿಗೆಯಿಂದ ಹೊರಬಿದ್ದ ಗುಂಡುಗಳು ಮುಂದೆ ಹೋದಂತೆ ಹರಡುತ್ತವೆ. ಸುಮಾರು 35 ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರಿನಷ್ಟು ಅಗಲಕ್ಕೆ ಚದುರುತ್ತವೆ. ಗಾಳಿಯ ತಡೆಯಿಂದ ವೇಗವೂ ಬೇಗ ಕುಗ್ಗುತ್ತದೆ. ಅದಕ್ಕಿಂತ ದೂರದಲ್ಲಿ ಪ್ರಾಣಿ ಒಂದೇ ಏಟಿಗೆ ಸಾಯುವುದು ಅಪರೂಪ. ಗಾಯಗೊಂಡು ಓಡುತ್ತದೆ, ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ. ಗುರಿ ತಪ್ಪಿದ ಗುಂಡು ಮಾತ್ರ ನೂರಾರು ಮೀಟರ್ ಹೋಗಬಲ್ಲದು. ಆ ದಿಕ್ಕಿನಲ್ಲಿ ಹೊಲಕ್ಕೆ ನೀರು ಬಿಡಲು ಹೋದ ರೈತ ಇರಬಹುದು, ಕಬ್ಬು ಕಡಿಯುವವರ ಗುಡಿಸಲು ಇರಬಹುದು.

ಈಗ ಎರಡೂ ಲೆಕ್ಕ ಕೂಡಿಸಿ. ಇಂದಿನ ಎಲ್‌ಇಡಿ ಲೈಟಿಗೆ ಕಣ್ಣಿನ ಹೊಳಪು ನೂರು ಮೀಟರಿಗೂ ಆಚೆಯಿಂದ ಕಾಣುತ್ತದೆ. ಆದರೆ ಕಾಣುವುದು ಎರಡು ಚುಕ್ಕೆ ಮಾತ್ರ. ಮೈ ಕಾಣುವುದಿಲ್ಲ. ನಾಯಿ, ತೋಳ, ನರಿ ಮೂರೂ ಕ್ಯಾನಿಸ್ ಎಂಬ ಒಂದೇ ಕುಲದವು. ಮೂರರ ಕಣ್ಣಿನ ಹಾಸೂ ಒಂದೇ ಥರ. ಹಳದಿ-ಹಸಿರು ಚುಕ್ಕೆ ನೋಡಿ 'ಇದು ನರಿ' ಎಂದು ಹೇಳಲು ಯಾವ ಶಿಕಾರಿಗೂ ಆಗುವುದಿಲ್ಲ. ಹುಡುಗನ ಅಜ್ಜನ ನಾಯಿಗೆ ಗುಂಡು ಬಿದ್ದದ್ದು ಹೀಗೆ.

ಅಮೆರಿಕದ ಕಯೋಟಿ ಕಲಿಸುವ ಪಾಠ

ನಮ್ಮ ನರಿಯಂಥದೇ ಪ್ರಾಣಿ ಉತ್ತರ ಅಮೆರಿಕದಲ್ಲಿದೆ. ಹೆಸರು ಕಯೋಟಿ. ಇಲಿ, ಮೊಲ, ಹಣ್ಣು, ಸತ್ತ ದನ ಏನು ಸಿಕ್ಕರೂ ತಿನ್ನುತ್ತದೆ, ಆಗಾಗ ಕುರಿಮರಿಯನ್ನೂ ಒಯ್ಯುತ್ತದೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಅದನ್ನು ವರ್ಷವಿಡೀ ಬೇಟೆಯಾಡಬಹುದು, ಕೆಲವು ಕಡೆ ರಾತ್ರಿಯೂ ಅನುಮತಿ ಇದೆ. ಗಾಯಗೊಂಡ ಮೊಲದ ಕೂಗನ್ನು ಯಂತ್ರದಲ್ಲಿ ನುಡಿಸಿ, ಕೆಂಪು ಲೈಟು ತಿರುಗಿಸಿ, ಕಣ್ಣು ಹೊಳೆದ ಕಡೆ ಹೊಡೆಯುತ್ತಾರೆ. ಕೆಂಪೇ ಯಾಕೆ ಎಂದರೆ ದಂಡಕೋಶಗಳಿಗೆ ಕೆಂಪು ಬೆಳಕು ಬಹಳ ಮಂದವಾಗಿ ಕಾಣುತ್ತದೆ, ಪ್ರಾಣಿ ಬೆದರುವುದಿಲ್ಲ. ಖಾಸಗಿ ಬೇಟೆಗಾರರನ್ನು ಬಿಟ್ಟು, ಅಲ್ಲಿನ ಸರಕಾರದ ಒಂದು ವಿಭಾಗವೇ ವರ್ಷಕ್ಕೆ 50,000ಕ್ಕೂ ಹೆಚ್ಚು ಕಯೋಟಿಗಳನ್ನು ಕೊಲ್ಲುತ್ತದೆ.

ಇಷ್ಟಾದರೂ ಕಯೋಟಿ ಮುಗಿಯಲಿಲ್ಲ. ಹಿಂದೆ ಪಶ್ಚಿಮದ ಬಯಲುಗಳಲ್ಲಿ ಇದ್ದದ್ದು ಈಗ ದೊಡ್ಡ ನಗರಗಳೊಳಗೂ ಇದೆ, ದಕ್ಷಿಣಕ್ಕೆ ಪನಾಮಾದವರೆಗೂ ಹಬ್ಬಿದೆ. ಕಾರಣ ಜೀವಶಾಸ್ತ್ರದಲ್ಲೇ ಇದೆ. ಕಯೋಟಿ ಗುಂಪಿನಲ್ಲಿ ಸಾಮಾನ್ಯವಾಗಿ ಹಿರಿಯ ಜೋಡಿ ಮಾತ್ರ ಮರಿ ಹಾಕುತ್ತದೆ. ಆ ಜೋಡಿ ಸತ್ತರೆ ಗುಂಪು ಒಡೆದು ಉಳಿದ ಹೆಣ್ಣುಗಳೂ ಮರಿ ಹಾಕುತ್ತವೆ. ಸಂಖ್ಯೆ ಕಡಿಮೆಯಾದಾಗ ಆಹಾರ ಹೆಚ್ಚಾಗಿ ಹೆಚ್ಚು ಮರಿ ಬದುಕುತ್ತವೆ. ಖಾಲಿಯಾದ ಜಾಗಕ್ಕೆ ಹೊರಗಿನ ಎಳೆಯ ಕಯೋಟಿ ಬಂದು ಸೇರುತ್ತವೆ. ಸಿಕ್ಕಸಿಕ್ಕವನ್ನು ಹೊಡೆದರೆ ಕುರಿಯ ಕಾಟ ತಪ್ಪುತ್ತದೆ ಎನ್ನುವುದು ಅಲ್ಲಿ ಸುಳ್ಳಾಯಿತು.

ನಮ್ಮ ತೋಳದ ಕಥೆ ಬೇರೆ. ಬ್ರಿಟಿಷರ ಕಾಲದಲ್ಲಿ ತೋಳ ಕೊಂದವರಿಗೆ ಸರಕಾರ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತೋಳಗಳು ಸತ್ತವು ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ದಾಖಲೆಗಳಿಂದ ಲೆಕ್ಕ ತೆಗೆದಿದ್ದಾರೆ. ಇಂದು ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,000. ಕಯೋಟಿಯಂತೆ ಪುಟಿದೇಳಲು ಅದಕ್ಕೆ ಜಾಗವೂ ಇಲ್ಲ, ಆಹಾರವೂ ಇಲ್ಲ.

ನಮ್ಮ ಮಾಳದ ಮೂವರು

ಸೋಲಾಪುರದ ಮಾಳ ಎಂದರೆ ಪಾಳುಬಿದ್ದ ಭೂಮಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹುಲ್ಲುಗಾವಲು, ಕಾಡಿನಷ್ಟೇ ಜೀವ ತುಂಬಿದ ಜಾಗ. ನಾನ್ನಜದಲ್ಲಿ 1979ರಲ್ಲಿ ಮಾಳಢೋಕ ಹಕ್ಕಿಗಾಗಿ ಅಭಯಾರಣ್ಯ ಮಾಡಿದರು. ಅಲ್ಲಿ ಚಿಗರಿಯೂ ಇದೆ, ತೋಳವೂ ಇದೆ. ಕರ್ನಾಟಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ಧಾಮ ಇದೆ.

ನಮ್ಮ ಊರುಗಳಲ್ಲಿ ಎರಡು ಪ್ರಾಣಿಗೆ 'ನರಿ' ಎಂದೇ ಹೇಳುತ್ತೇವೆ. ಗಡಿಯಲ್ಲಿರುವ ನಾವು ಮರಾಠಿ ಹೆಸರೂ ಕಲಿತಿರಬೇಕು, ಯಾಕೆಂದರೆ ಅರಣ್ಯ ಇಲಾಖೆಯ ಅರ್ಜಿ ಮರಾಠಿಯಲ್ಲೇ ಇರುತ್ತದೆ. ರಾತ್ರಿ ಊಳಿಡುವ, ಸುಮಾರು ಎಂಟು-ಹತ್ತು ಕಿಲೋ ತೂಗುವ ನರಿ ಮರಾಠಿಯ ಕೋಲ್ಹಾ. ಬಾಲದ ತುದಿ ಕಪ್ಪಾಗಿರುವ, ಎರಡು-ಮೂರು ಕಿಲೋದ ಸಣ್ಣ ನರಿ ಖೋಕಡ. ತೋಳ ಎಂದರೆ ಲಾಂಡಗಾ.

ನರಿ ಮತ್ತು ಖೋಕಡ ಜೋಳ, ಕಬ್ಬಿನ ಹೊಲದ ಇಲಿ-ಹೆಗ್ಗಣ ತಿನ್ನುತ್ತವೆ. ನರಿ ಬಾರೆಹಣ್ಣು ತಿಂದು ಬೀಜವನ್ನು ಮಾಳದ ತುಂಬ ಬಿತ್ತುತ್ತದೆ, ಸತ್ತ ದನವನ್ನು ಚೊಕ್ಕ ಮಾಡುತ್ತದೆ. ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಶುಭ ಎನ್ನುವ ನಾವೇ ರಾತ್ರಿ ಅದಕ್ಕೆ ಲೈಟು ಹಾಕುತ್ತೇವೆ. 'ನರಿಕೊಂಬು' ಇಟ್ಟುಕೊಂಡರೆ ದುಡ್ಡು ಬರುತ್ತದೆ ಎಂದು ನಂಬಿ ಕೊಲ್ಲಿಸುವವರೂ ಇದ್ದಾರೆ. ನರಿಗೆ ಕೊಂಬಿಲ್ಲ. ಸಂತೆಯಲ್ಲಿ ಮಾರುವುದು ಹೆಚ್ಚಾಗಿ ಕೂದಲು-ಚರ್ಮ ಸುತ್ತಿ ಮಾಡಿದ ನಕಲಿ.

ಕಾನೂನು ಏನು ಹೇಳುತ್ತದೆ?

ಬೇಟೆಗೆ ಲೈಸೆನ್ಸ್ ಸಿಗುತ್ತಿದ್ದ ಕಾಲದಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾತ್ರಿ ಬೇಟೆಗೂ ಲೈಟಿನ ಬಳಕೆಗೂ ನಿರ್ಬಂಧ ಹಾಕಿತ್ತು. 1991ರ ತಿದ್ದುಪಡಿಯಿಂದ ಲೈಸೆನ್ಸೂ ಹೋಯಿತು. 2022ರ ತಿದ್ದುಪಡಿಯ ನಂತರ ತೋಳದ ಜೊತೆ ನರಿಯೂ ಮೊದಲನೇ ಅನುಸೂಚಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಕೊಲ್ಲಲು ಪ್ರಯತ್ನಿಸುವುದು, ಬೆನ್ನಟ್ಟುವುದು, ಬಲೆ ಹಾಕುವುದು ಎಲ್ಲವೂ ಬೇಟೆಯೇ. ಸಹಾಯ ಮಾಡಿದವನೂ ಅಪರಾಧಿ. ಅಂದರೆ "ನಾ ಬಂದೂಕು ಮುಟ್ಟಿಲ್ಲ, ಬರೇ ಲೈಟು ಹಿಡಿದೆ" ಎಂದರೆ ನಡೆಯುವುದಿಲ್ಲ. ದೊಡ್ಡವರು ಮೊಲ ಹೊಡೆಯಲು ಕರೆದರೂ ಹೋಗಬೇಡಿ. ಮೊಲಕ್ಕೂ ರಕ್ಷಣೆ ಇದೆ.

ಹಾಗಾದರೆ ಕುರಿ ಕಾಯುವುದು ಹೇಗೆ?

ಈ ಪ್ರಶ್ನೆ ಕೇಳದೆ ಕಾಯ್ದೆ ಅಷ್ಟೇ ಹೇಳಿದರೆ ಕುರಿಗಾರನಿಗೆ ಅನ್ಯಾಯ. ಒಂದು ರಾತ್ರಿ ನಾಲ್ಕು ಕುರಿ ಹೋದರೆ ಮನೆ ಖರ್ಚು ತಪ್ಪುತ್ತದೆ, ಮಕ್ಕಳ ಶಾಲೆಯೂ ತಪ್ಪಬಹುದು.

ಹಟ್ಟಿಗೆ ಸಂದಿಲ್ಲದ ಬಲೆ ಅಥವಾ ಮುಳ್ಳುಬೇಲಿ, ಎಚ್ಚರವಿರುವ ಒಳ್ಳೆ ನಾಯಿ, ಮರಿಗಳನ್ನು ನಡುವೆ ಮುಚ್ಚಿಡುವುದು, ಸತ್ತ ಕುರಿಯನ್ನು ಹಟ್ಟಿಯ ಹತ್ತಿರ ಎಸೆಯದಿರುವುದು ಇವು ಹಳೆಯವಾದರೂ ಗಟ್ಟಿ ಉಪಾಯ. ಆಸ್ಟ್ರೇಲಿಯಾದ ಕುರಿಗಾರರೊಬ್ಬರು ಬಣ್ಣ ಬದಲಿಸುತ್ತಾ ಮಿಣುಕುವ ದೀಪ ಮಾಡಿದ್ದಾರೆ. ಯಾರೋ ಬ್ಯಾಟರಿ ಹಿಡಿದು ತಿರುಗುತ್ತಿದ್ದಾರೆ ಎಂದು ಪ್ರಾಣಿ ಹೆದರಲಿ ಎಂದು. ಆದರೆ ದೀಪ ಒಂದನ್ನೇ ನಂಬಬಾರದು, ನರಿ ಜಾತಿ ಬೇಗ ರೂಢಿ ಮಾಡಿಕೊಳ್ಳುತ್ತದೆ.

ತೋಳ ಕುರಿ ಕೊಂದರೆ ಮಹಾರಾಷ್ಟ್ರ ಸರಕಾರ ಪರಿಹಾರ ಕೊಡುತ್ತದೆ. ಸತ್ತ ಕುರಿಯನ್ನು ಸರಿಸದೆ, ಫೋಟೋ ತೆಗೆದು, ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಇಲಾಖೆಯ ಸಹಾಯವಾಣಿ 1926. ರಾತ್ರಿ ಬೇಟೆ ಕಂಡರೂ ಇದೇ ನಂಬರಿಗೆ ಹೇಳಬಹುದು. ಗಾಡಿಯ ಹತ್ತಿರ ಮಾತ್ರ ಹೋಗಬೇಡಿ. ಓದಲು ಬಾರದ ಅಜ್ಜನ ಅರ್ಜಿಯನ್ನು ನೀವು ಬರೆದುಕೊಟ್ಟರೆ ಅದು ನರಿಗೂ ಕುರಿಗೂ ಮಾಡಿದ ಉಪಕಾರ.

ಮಾಡಿ ನೋಡಿ

1. ಕತ್ತಲಾದ ಮೇಲೆ ಮನೆಯ ಆಕಳು ಅಥವಾ ಬೆಕ್ಕಿನ ಕಡೆ ಸಣ್ಣ ಬ್ಯಾಟರಿಯನ್ನು ದೂರದಿಂದ ಒಂದೇ ಕ್ಷಣ ಬಿಡಿ. ಮೊದಲು ಸೊಂಟದ ಹತ್ತಿರ, ಆಮೇಲೆ ಹಣೆಯ ಹತ್ತಿರ ಹಿಡಿದು ವ್ಯತ್ಯಾಸ ಬರೆಯಿರಿ.

2. ಹಿರಿಯರ ಜೊತೆ ಹಿತ್ತಲಿನಲ್ಲಿ ನಿಂತು ಹಣೆಯ ಹತ್ತಿರ ಬ್ಯಾಟರಿ ಹಿಡಿದು ಹುಲ್ಲಿನ ಕಡೆ ನೋಡಿ. ಸೂಜಿಮೊನೆಯಷ್ಟು ಹಸಿರು ಚುಕ್ಕೆ ಹೊಳೆದರೆ ಅದು ತೋಳಜೇಡದ ಕಣ್ಣು. ಅದಕ್ಕೂ ಹೊಳೆಯುವ ಹಾಸು ಇದೆ.

3. ಒಂದು ಪೌಂಡ್ 454 ಗ್ರಾಂ, ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.3 ಗ್ರಾಂ. ಹನ್ನೆರಡು ಬೋರ್ ನಳಿಗೆಯ ವ್ಯಾಸ ಕಂಡುಹಿಡಿಯಿರಿ. (ಉತ್ತರ: ಸುಮಾರು 18.5 ಮಿಲಿಮೀಟರ್)

ಆ ಹುಡುಗನ ನಾಯಿ ಈಗ ಮೂರು ಕಾಲಿನಲ್ಲೇ ಹಟ್ಟಿ ಕಾಯುತ್ತದೆ. ರಾತ್ರಿ ಬ್ಯಾಟರಿ ಬಿಟ್ಟರೆ ಅದರ ಕಣ್ಣೂ ನರಿಯ ಕಣ್ಣಿನಂತೆಯೇ ಹೊಳೆಯುತ್ತದೆ ಎಂದು ಅವನೇ ಬಂದು ಹೇಳಿದ.