ಕಿವಿಗೆ ಒಂದು, ಅರ್ಥಕ್ಕೆ ಎರಡು

ಇಂಗ್ಲಿಷಿನಲ್ಲಿ ‘ಸನ್’ ಎಂದರೆ ಮಗನೂ ಹೌದು, ಸೂರ್ಯನೂ ಹೌದು. ಅಕ್ಷರ ನೋಡಿ ಅರ್ಥ ತಿಳಿಯಬೇಕೆಂದು ನಮ್ಮ ಮಕ್ಕಳಿಗೆ ಉಪಾಧ್ಯಾಯರು ಕಲಿಸುತ್ತಾರೆ. ಅದು ಅಗತ್ಯವೇ. ಆದರೆ ಕೊಚ್ಚಿ, ತಿರುವನಂತಪುರಗಳಲ್ಲಿ ಬಾಳುವೆ ನಡೆಸುವ ಕನ್ನಡಿಗರಿಗೆ ಹೆಚ್ಚಿನ ತೊಡಕನ್ನುಂಟುಮಾಡುವುದು ಮಲೆಯಾಳ. ತೀರ ಅಪರಿಚಿತವಾದ ಶಬ್ದ ಕಿವಿಗೆ ಬಿದ್ದರೆ ನಾವು ನಿಂತು ಅರ್ಥ ಕೇಳುತ್ತೇವೆ. ಪರಿಚಿತವೆಂದು ತೋರಿದುದನ್ನು ವಿಚಾರಿಸದೆ ನಂಬುತ್ತೇವೆ.

‘ಅವಸರ’ವನ್ನೇ ನೋಡಿರಿ. ನಮಗದು ಆತುರ, ಮಲೆಯಾಳಿಗಳಿಗೆ ಅವಕಾಶ. ಸಂಸ್ಕೃತದ ಮೂಲಾರ್ಥವನ್ನು ಉಳಿಸಿಕೊಂಡವರು ಅವರೇ ಎಂಬುದನ್ನು ಹೇಳಲೇಬೇಕು. ಕೆಲಸ ಕೇಳಿಕೊಂಡು ಬಂದ ತರುಣನಿಗೆ ಹೋಟೆಲಿನ ಯಜಮಾನರು ನಿಧಾನವಾಗಿ ಮಾತಾಡೋಣವೆಂಬ ಭಾವದಿಂದ ‘ಅವಸರಮಿಲ್ಲ’ ಎಂದರೆ, ಅವನು ನಿರಾಶನಾಗಿ ಮೆಟ್ಟಿಲಿಳಿದು ಹೋದಾನು. ಹಾಗೆಯೇ ನೆರೆಯವರು ‘ನಿಮ್ಮ ಮಗಳೊಡನೆ ಸಂಸಾರಿಚ್ಚು’ ಎಂದರೆ ತಾಯ್ತಂದೆಗಳು ಗಾಬರಿಗೊಳ್ಳಬೇಕಾಗಿಲ್ಲ. ಮಾತನಾಡಿಸಿದರು, ಅಷ್ಟೆ.

ಅಡುಗೆಮನೆಗೆ ‘ಶರ್ಕರ’ ಕೇಳಿದರೆ ಅಂಗಡಿಯವನು ಬೆಲ್ಲ ಕಟ್ಟಿಕೊಡುತ್ತಾನೆ. ಸಕ್ಕರೆಗೆ ಇಲ್ಲಿ ‘ಪಂಚಸಾರ’ ಎನ್ನಬೇಕು. ‘ಮುರಿ’ ಎಂದರೆ ಕೋಣೆ, ‘ಪಟ್ಟಿ’ ಎಂದರೆ ನಾಯಿ. ಊರಿನಿಂದ ಹೊಸದಾಗಿ ಬಂದ ಹುಡುಗರು ಗಿರಾಕಿಗಳೆದುರು ‘ತಿಂಡಿ’ ಎನ್ನುವಾಗ ಇಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವುದು ಕ್ಷೇಮ. ‘ತೆಂಡಿ’ ಎಂಬುದು ತಿರುಕನೆಂಬ ಬೈಗುಳ!

ಇವು ನಕ್ಕು ಮರೆಯತಕ್ಕವು. ಕಾಗದಪತ್ರದ ಸಂಗತಿ ಹಾಗಲ್ಲ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ, ‘ಆಧಾರಂ’ ಎಂದರೆ ಆಸ್ತಿಯ ದಸ್ತಾವೇಜು, ‘ಒಪ್ಪ್’ ಎಂದರೆ ರುಜು. ಬಾಯಿಮಾತಿನ ಒಪ್ಪಿಗೆ ಕೇಳುತ್ತಿದ್ದಾರೆಂದು ತಲೆಯಾಡಿಸಿದವನ ಮುಂದೆ ಲೇಖಣಿ ಬಂದಿರುತ್ತದೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡಿಗರಿಗೂ ತಿರುವನಂತಪುರದ ಸೆಕ್ರೆಟೇರಿಯೆಟ್ಟೇ ಗತಿಯಾಯಿತು. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಆಡಳಿತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಆದರೆ ಕೊಚ್ಚಿಯ ಕಟ್ಟಡದ ಮಾಲೀಕರು ಬಾಡಿಗೆ ಕರಾರನ್ನು ಕನ್ನಡದಲ್ಲಿ ಬರೆಸಿಕೊಡುವರೆ? ಓದಿಸಿ, ಅರ್ಥ ಕೇಳಿ, ಅನಂತರವೇ ರುಜು ಹಾಕುವುದು ವಿಹಿತ.

ಪತ್ರಿಕೆಯ ಮೇಜಿನ ಮೇಲೂ ಈ ಶಬ್ದಗಳ ಕಾಟ ಉಂಟು. ಮಲೆಯಾಳ ಪತ್ರಿಕೆಗಳಲ್ಲಿ ಮಂತ್ರಿಗಳು ‘ರಾಜಿವೆಚ್ಚು’ ಎಂದಿದ್ದರೆ ಅವರು ಯಾರೊಡನೆಯೂ ರಾಜಿ ಮಾಡಿಕೊಂಡಿಲ್ಲ, ರಾಜೀನಾಮೆ ಕೊಟ್ಟಿದ್ದಾರೆ. ನಮ್ಮ ‘ಉಪನ್ಯಾಸ’ ಕೇಳುವಂಥದು, ಅವರದು ಓದುವ ಪ್ರಬಂಧ. ನಾವು ಕೇಳುವ ಉಪನ್ಯಾಸ ಅವರಿಗೆ ‘ಪ್ರಸಂಗಂ’. ಯಕ್ಷಗಾನದ ಪ್ರಸಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೇ ಹೊರಬಂದವು. ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಇಂತಹ ಶಬ್ದಗಳನ್ನು ಹೆಕ್ಕುವ ಕೆಲಸಕ್ಕೆ ನಾವು ಕೈಹಾಕಿದ್ದೇವೆ. ವಾಚಕರು ತಮಗೆ ಎದುರಾದವುಗಳನ್ನು ಕಾರ್ಡಿನಲ್ಲಿ ಬರೆದು ಕಳುಹಿಸಿದಲ್ಲಿ ಅವನ್ನೂ ಸೇರಿಸಿ ಕ್ರಮವಾಗಿ ಪ್ರಕಟಿಸುವೆವು.